ಮುಖವೂ ಅವಳಿಗೆ, ಮಣೆಯೂ ಅವಳಿಗೆ

ತರಕಾರಿ ಗಾಡಿಯವನು ನನ್ನನ್ನು "ಅಜ್ಜಿ" ಎಂದು ಕರೆದದ್ದಕ್ಕೆ ನನಗೆ ಬೇಸರವಿಲ್ಲ. ನನಗೆ ಅರವತ್ತೊಂದು. ತಲೆ ಹಣ್ಣಾಗಿದೆ, ಗಲ್ಲದ ಕೆಳಗೆ ಚರ್ಮ ಜೋತುಬಿದ್ದಿದೆ, ಕಣ್ಣಿನ ರೆಪ್ಪೆಗಳು ಮಧ್ಯಾಹ್ನದ ಹೊತ್ತಿನ ಅಂಗಡಿ ಷಟರ್‌ನ ಹಾಗೆ ಅರ್ಧ ಇಳಿದಿವೆ. ಅಜ್ಜಿಯನ್ನು ಅಜ್ಜಿ ಎನ್ನದೆ ಇನ್ನೇನೆನ್ನುತ್ತಾನೆ? ನನ್ನ ಹೊಟ್ಟೆ ಉರಿದದ್ದು ಆಮೇಲೆ. ಅವನು ಪಕ್ಕದ ಗೇಟಿನ ಕಡೆ ತಿರುಗಿ, "ಆಂಟಿ, ಸೊಪ್ಪು ಈಗ್ತಾನೇ ಬಂದಿರೋದು, ಫ್ರೆಶ್ ಐತೆ," ಎಂದ. ಆ ಗೇಟಿನಲ್ಲಿ ನಿಂತಿದ್ದವಳು ನನ್ನ ವಾರಗಿತ್ತಿ ಪಿಳ್ಳಮ್ಮ. ನನಗಿಂತ ಐದು ವರ್ಷ ದೊಡ್ಡವಳು.

"ಅಜ್ಜಿ, ನಿಮ್ಗೆ ಬದ್ನೇಕಾಯಿ ಹಾಕ್ಲಾ?" ಎಂದು ಅವನು ಮತ್ತೆ ನನ್ನ ಕಡೆ ತಿರುಗಿದ.

"ನಿಮ್ಮಜ್ಜಿಗೆ ಹಾಕು ಹೋಗು," ಎಂದೆ.

ಪಿಳ್ಳಮ್ಮ ಎಂದರೆ ನನ್ನ ಭಾವ ಸಂಜೀವಯ್ಯನವರ ಹೆಂಡತಿ. ನಾನು ಮುನಿಲಕ್ಷ್ಮಮ್ಮ, ಅವರ ತಮ್ಮ ಗಂಗಾಧರಯ್ಯನವರ ಹೆಂಡತಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎನ್ನುತ್ತಾರೆ, ಬರೆಯಬಾರದು ಎಂದು ಯಾರೂ ಹೇಳಿಲ್ಲ. ಯಡಿಯೂರಿನಲ್ಲಿ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಮೂವರು ಅಣ್ಣತಮ್ಮಂದಿರ ಮೂರು ಕಟ್ಟಡಗಳಿವೆ. ಮೇಲೆಲ್ಲ ಬಾಡಿಗೆಯವರು, ಕೆಳಗೆ ನಾವು. ಅಕ್ಕನ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ನನ್ನ ಅಡುಗೆಮನೆಯಲ್ಲಿ ಸೀನು ಬರುತ್ತದೆ.

ಅಕ್ಕ ಎಂದರೆ ಪಿಳ್ಳಮ್ಮನೇ, ನಾನು ಅವಳನ್ನು ಕರೆಯುವುದು ಹಾಗೆ. ಈ ಮನೆಗೆ ಸೊಸೆಯಾಗಿ ಬಂದ ದಿನ ಅತ್ತೆ ನನ್ನ ಕುತ್ತಿಗೆ ಬಗ್ಗಿಸಿ, "ಅಕ್ಕನ ಕಾಲಿಗೆ ಬೀಳಮ್ಮಿ," ಎಂದರು. ಬಿದ್ದೆ. ಅಲ್ಲಿಂದ ನಲವತ್ತೆರಡು ವರ್ಷ ಹಬ್ಬಕ್ಕೊಂದು ಸಲ ಬೀಳುತ್ತಲೇ ಇದ್ದೇನೆ. ಸೀರೆ ತಂದರೆ ಅವಳು ಆರಿಸಿದ ಮೇಲೆ ನನಗೆ. ಹೂವು ತಂದರೆ ಅವಳ ಜಡೆಗೆ ಮೊದಲ ಮೊಳ. ಅದರ ಮೇಲೆ ಅವಳು ರೂಪವಂತೆ ಬೇರೆ. ಹಿರಿಯಳು ಎನ್ನುವ ಗೌರವಕ್ಕೆ ಹೊಟ್ಟೆಕಿಚ್ಚು ಪಡುವುದೋ, ಚೆಲುವೆ ಎನ್ನುವುದಕ್ಕೋ ಎಂದು ನನಗೆ ಎಷ್ಟೋ ಸಲ ಗೊಂದಲವಾಗಿದೆ. ಕೊನೆಗೆ ಎರಡಕ್ಕೂ ಪಟ್ಟಿದ್ದೇನೆ.

ಒಂದೇ ಒಂದು ಸಮಾಧಾನವಿತ್ತು. ವಯಸ್ಸು ಯಾರನ್ನೂ ಬಿಡುವುದಿಲ್ಲ. ಅಕ್ಕನ ಕೆನ್ನೆ ಇಳಿಯಿತು, ಕತ್ತು ಸುಕ್ಕಾಯಿತು, ಕಣ್ಣಿನ ಕೆಳಗೆ ಚೀಲ ಬಂತು. ನನಗಿಂತ ಐದು ವರ್ಷ ಮುಂಚೆಯೇ ಬಂತು. ಕನ್ನಡಿ ನೋಡಿಕೊಂಡಾಗಲೆಲ್ಲ, 'ಪರವಾಗಿಲ್ಲ, ಅವಳದು ಇನ್ನೂ ಕಡೆಯಾಗಿದೆ,' ಎಂದುಕೊಳ್ಳುತ್ತಿದ್ದೆ. ಅಷ್ಟು ಸಮಾಧಾನವೂ ಹೋದದ್ದು ಈ ವರ್ಷ.

ಅದಕ್ಕೆ ಮೊದಲು ಮಣೆಯ ಸಂಗತಿ ಹೇಳಬೇಕು. ನಮ್ಮ ಮನೆತನದ ಮದುವೆಗಳಲ್ಲಿ ಹೆಣ್ಣಿಗೆ ಮೊದಲ ಅರಿಶಿನ ಹಚ್ಚುವವಳು ಹಿರಿಮುತ್ತೈದೆ, ಗಂಡನಿರುವ ಹೆಂಗಸರಲ್ಲೆಲ್ಲ ಹೆಚ್ಚು ವಯಸ್ಸಾದವಳು. ಅವಳಿಗೊಂದು ಹಳೆಯ ಹಲಸಿನ ಮಣೆಯಿದೆ. ಒಮ್ಮೆ ಅದರ ಮೇಲೆ ಕೂತವಳು ಮುತ್ತೈದೆಯಾಗಿರುವವರೆಗೂ ಮನೆತನದ ಎಲ್ಲ ಮದುವೆಗಳಲ್ಲೂ ಅವಳೇ ಕೂರುತ್ತಾಳೆ. ಹೆಣ್ಣಿಗೆ ಅರಿಶಿನವಾದ ಮೇಲೆ ಉಳಿದ ಹೆಂಗಸರೆಲ್ಲ ಬಂದು ಅವಳ ಕಾಲಿಗೆ ಬೀಳುತ್ತಾರೆ, ಅವಳು ಒಬ್ಬೊಬ್ಬರ ಕೆನ್ನೆಗೂ ಅರಿಶಿನ ಮುಟ್ಟಿಸಿ ಒಂದೇ ಮಾತು ಹೇಳುತ್ತಾಳೆ: "ನನ್ನಷ್ಟು ವಯಸ್ಸಾಗೋಗಂಟ ಮುತ್ತೈದೆಯಾಗಿ ಬಾಳವ್ವ." ಮಣೆಯ ಮೇಲೆ ಬೇರೆ ಮಾತು ಆಡುವಂತಿಲ್ಲ. ಆಡಿದ ಮಾತು ಸುಳ್ಳಾಗುವುದಿಲ್ಲ ಎಂದು ನಂಬಿಕೆ. ಅದಕ್ಕೇ ಎಲ್ಲರಿಗಿಂತ ಹಿರಿಯಳೇ ಆಗಬೇಕು. ಅರವತ್ತರವಳು ಎಪ್ಪತ್ತರವಳಿಗೆ 'ನನ್ನಷ್ಟು ವಯಸ್ಸಾಗುವವರೆಗೆ' ಎಂದುಬಿಟ್ಟರೆ ಆ ಗಡುವು ಹತ್ತು ವರ್ಷದ ಹಿಂದೆಯೇ ಮುಗಿದುಹೋದಂತೆ. ಅವಳ ಗಂಡನಿಗೆ ಕೇಡು.

ನಮ್ಮ ಸಣ್ಣತ್ತೆ ಮಾರಮ್ಮ ಎಷ್ಟೋ ವರ್ಷ ಆ ಮಣೆಯ ಮೇಲೆ ಕೂತಿದ್ದರು. ಎಂಬತ್ತೆಂಟಕ್ಕೆ ಹೋದ ವರ್ಷ ಮುತ್ತೈದೆಯಾಗಿಯೇ ತೀರಿಕೊಂಡರು. ಮಣೆ ಖಾಲಿಯಾಯಿತು. ಮುಂದಿನ ಮದುವೆ ಕಿರಿಯ ಮೈದುನನ ಮಗಳು ಸೌಮ್ಯಳದು. ವಯಸ್ಸಿನ ಲೆಕ್ಕದಲ್ಲಿ ಇನ್ನು ಅಲ್ಲಿ ಕೂರುವವಳು ಅಕ್ಕ. ಅವಳ ನಂತರದವಳು ನಾನು. ಎಂದರೆ ನಾನು ಯಾವತ್ತೂ ಕೂರುವವಳಲ್ಲ. ಅಕ್ಕನಿಗೆ ಏನಾದರೂ ಆಗಲಿ ಎಂದು ಬಯಸುವಷ್ಟು ಕೆಟ್ಟವಳು ನಾನಲ್ಲ.

ಸಂಕ್ರಾಂತಿ ಕಳೆದ ಮೇಲೆ ಅಕ್ಕ ಮೈಸೂರಿಗೆ, ಮಗಳ ಮನೆಗೆ ಎಂದು ಹೋದಳು. ಯುಗಾದಿಗೆ ಸ್ವಲ್ಪ ಮುಂಚೆ ವಾಪಸು ಬಂದಾಗ ಆಟೋದಿಂದ ಇಳಿದವಳನ್ನು ನೋಡಿ ನಾನು ಅವಳ ಮಗಳೇ ಬಂದಳೆಂದುಕೊಂಡೆ. ಕಣ್ಣು ಅಗಲವಾಗಿದ್ದವು. ಕೆನ್ನೆ ತನ್ನ ಜಾಗಕ್ಕೆ ಹೋಗಿ ಕೂತಿತ್ತು. ದವಡೆಯ ಗೆರೆ ಮದುವೆ ಫೋಟೋದಲ್ಲಿದ್ದಂತೆ ನೀಟಾಗಿತ್ತು. ಕತ್ತು ಮಾತ್ರ ಸೆರಗಿನೊಳಗಿತ್ತು.

"ಏನಕ್ಕ ಇದು, ಹಿಂಗಾಗಿದೀಯ?" ಎಂದೆ.

"ಮೈಸೂರು ನೀರು ಕಣಮ್ಮಿ. ಬೆಳಗ್ಗೆ ರಾಗಿ ಅಂಬಲಿ, ಒಂಚೂರು ಯೋಗ," ಎಂದಳು.

ನಾನೂ ಹುಟ್ಟಿದಾಗಿನಿಂದ ರಾಗಿ ಅಂಬಲಿ ಕುಡಿದವಳೇ. ಮುಖ ಇಳಿದದ್ದು ಬಿಟ್ಟರೆ ಏರಿದ್ದು ಕಂಡಿಲ್ಲ.

ಯುಗಾದಿಯ ದಿನ ಕಿರಿಯಳು ಹಿರಿಯಳ ತಲೆಗೆ ಎಣ್ಣೆ ಒತ್ತಬೇಕು. ಅಷ್ಟು ವರ್ಷವೂ ಅಕ್ಕನ ನೆತ್ತಿಗೆ ಹರಳೆಣ್ಣೆ ಹಾಕಿ ತಟ್ಟಿದವಳು ನಾನು. ತಟ್ಟುವಾಗ ಒಂದೆರಡು ಏಟು ಜೋರಾಗಿಯೇ ಬೀಳುತ್ತಿದ್ದವು, ಅದು ನಮ್ಮಿಬ್ಬರಿಗೂ ಗೊತ್ತು. ಈ ಸಲ ಬಟ್ಟಲು ಹಿಡಿದು ಹೋದರೆ, "ಶೀತ ಆಗದೆ, ಬೇಡ," ಎಂದು ತಲೆ ಮುಟ್ಟಲು ಬಿಡಲಿಲ್ಲ. ನನಗೆ ಅನುಮಾನ ಬಂತು. ಬೇವುಬೆಲ್ಲ ಕೊಡಲು ಅವಳು ಬಗ್ಗಿದಾಗ ಕೂದಲು ಸರಿಯಿತು. ಕಿವಿಯ ಹಿಂದೆ ಸೀರೆಗೆ ಫಾಲ್ಸ್ ಹೊಲಿದ ಹಾಗೆ ಸಣ್ಣದೊಂದು ಗೆರೆ, ಇನ್ನೂ ತಿಳಿಗೆಂಪು, ಹಾಲೆಯಿಂದ ಹಿಡಿದು ಕೂದಲೊಳಗೆ ಹೋಗಿತ್ತು.

"ಅಕ್ಕ, ಕಿವಿ ಹಿಂದೆ ಏನದು?"

"ಓಲೆ ಚುಚ್ತು."

"ಓಲೇನ ಕಿವಿ ಹಿಂದಕ್ಕಾ ಹಾಕ್ಕೊಳ್ಳೋದು?"

"ನಿಂಗೆ ಎಲ್ಲಾ ಬೇಕು," ಎಂದು ಅವಳು ಒಳಗೆ ಹೋದಳು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಪೇಪರಿನಿಂದ ಕಣ್ಣು ತೆಗೆಯದೆ, "ಏನಾದ್ರೂ ಮಾಡಿಸ್ಕೊಳ್ಳಲಿ ಬಿಡೆ. ಅತ್ತಿಗೆ ಈಗ ಸಖತ್ತಾಗಿ ಕಾಣ್ತಾರೆ," ಎಂದರು. ಸಖತ್ ಎನ್ನುವ ಮಾತನ್ನು ಮೊಮ್ಮಕ್ಕಳಿಂದ ಕಲಿತಿದ್ದಾರೆ. ನನಗೆ ಒಂದು ದಿನವೂ ಅದನ್ನು ಬಳಸಿದವರಲ್ಲ. ಆ ದಿನ ಒಬ್ಬಟ್ಟಿಗೆ ತುಪ್ಪ ಹಾಕಲಿಲ್ಲ.

ಸೌಮ್ಯಳ ನಿಶ್ಚಿತಾರ್ಥ ಬನಶಂಕರಿಯ ಒಂದು ಪಾರ್ಟಿ ಹಾಲ್‌ನಲ್ಲಿ ಆಯಿತು. ಹುಡುಗ ಲಿಖಿತ್. ಅಂಜನಾಪುರದ ಕಡೆಯವರು, ನಮ್ಮ ಹಾಗೆಯೇ ಹಿಂದೆ ಹೊಲ, ಈಗ ಬಾಡಿಗೆ. ಅವರ ಕಡೆ ಯಜಮಾನಿಕೆಯೆಲ್ಲ ಹುಡುಗನ ಸೋದರತ್ತೆ ಕೆಂಚವ್ವನದು. ದೊಡ್ಡ ಗಂಟಲು, ಎಲ್ಲದಕ್ಕೂ ಕೈ ಹಾಕುವ ಹೆಂಗಸು. ಅವಳು ನಮ್ಮ ಸಾಲಿಗೆ ಬಂದು ಮೊದಲು ನನ್ನ ಕೈ ಹಿಡಿದು, "ನೀವು ಹುಡುಗಿ ಅಜ್ಜಿಯಾ?" ಎಂದಳು. "ದೊಡ್ಡಮ್ಮ," ಎಂದೆ. ಆಮೇಲೆ ಅಕ್ಕನ ಕಡೆ ತಿರುಗಿ, "ನೀವು ಚಿಕ್ಕಮ್ಮ ಇರ್ಬೇಕು," ಎಂದಳು.

ಚಿಕ್ಕಮ್ಮ! ಎಂದರೆ ಸೌಮ್ಯಳ ತಾಯಿಗಿಂತ ಚಿಕ್ಕವಳು. ಆ ತಾಯಿಗಿನ್ನೂ ಐವತ್ತು ತುಂಬಿಲ್ಲ. ಅಕ್ಕ ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ, ಸೆರಗು ಎಳೆದುಕೊಂಡು ನಕ್ಕಳು. ಆ ನಗುವಿಗೂ ಈಗ ಸುಕ್ಕು ಬೀಳುವುದಿಲ್ಲ. ಅಲ್ಲಿಂದ ಕೆಂಚವ್ವ ಅವಳನ್ನು ಚಿಕ್ಕಮ್ಮ ಎಂದೇ ಕರೆದಳು, ಅವಳು ಓಗೊಟ್ಟಳು. ನಾನು ಪಾಯಸವನ್ನು ಮುಟ್ಟದೆ ಎದ್ದುಬಂದೆ. ಮುಖವೂ ಅವಳಿಗೆ, ಮಣೆಯೂ ಅವಳಿಗೆ. ಎರಡರಲ್ಲಿ ಒಂದಾದರೂ ನನಗೆ ಬರಬಾರದೇ?

ಆ ವಾರವೇ ಅಕ್ಕ ಕಾಂಪೌಂಡಿನ ಮೇಲಿಂದ ಕರಿಬೇವು ಕೊಟ್ಟಳು. ಕೊಟ್ಟ ಬಟ್ಟೆಚೀಲದ ಮೇಲೆ ಜಯನಗರದ ಒಂದು ಕ್ಲಿನಿಕ್ಕಿನ ಹೆಸರಿತ್ತು, ಪಕ್ಕದಲ್ಲಿ ಹೆಂಗಸಿನ ಮುಖದ ಅರ್ಧ ಚಿತ್ರ. ಕರಿಬೇವು ಫ್ರಿಜ್ಜಿಗೆ ಹೋಯಿತು, ಚೀಲ ನನ್ನ ಬೀರುವಿಗೆ. ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ನಮ್ಮವರಿಗೆ ಹೇಳಿ ಹೊರಟೆ. ಪೂರ್ತಿ ಸುಳ್ಳೇನಲ್ಲ.

ಡಾಕ್ಟರ ಹೆಸರು ಸಂಘಮಿತ್ರಾ. ನಲವತ್ತರ ಹೆಣ್ಣುಮಗಳು, ನೇರ ಮಾತು. ನಾನು ಸೀದಾ ಫೋನ್ ತೆಗೆದು ನಿಶ್ಚಿತಾರ್ಥದಲ್ಲಿ ತೆಗೆದ ಅಕ್ಕನ ಫೋಟೋ ತೋರಿಸಿದೆ.

"ನಂಗೆ ಹಿಂಗೆ ಬೇಕು."

ಡಾಕ್ಟರಮ್ಮ ಫೋಟೋ ನೋಡಿದರು, ನನ್ನನ್ನು ನೋಡಿದರು. "ಬೇರೆಯವರ ಮುಖ ತಂದ್ಕೊಟ್ರೆ ಮಾಡಕ್ಕಾಗಲ್ಲಮ್ಮ. ನಿಮ್ಮ ಮುಖದಲ್ಲಿ ಏನು ತೊಂದ್ರೆ ಅನ್ಸುತ್ತೆ, ಅದನ್ನ ಹೇಳಿ."

"ಇದು ನೀವೇ ಮಾಡಿದ್ದಲ್ವಾ?"

"ಯಾರಿಗೆ ಏನು ಮಾಡಿದೀನಿ ಅಂತ ನಾನು ಯಾರಿಗೂ ಹೇಳಲ್ಲ. ನಾಳೆ ನಿಮ್ಮ ಬಗ್ಗೆ ಯಾರಾದ್ರೂ ಕೇಳಿದ್ರೂ ಇದೇ ಉತ್ತರ."

ಅದು ನ್ಯಾಯವೇ. ಆದರೂ ನನಗೆ ಕೋಪ ಬಂತು.

ಅವರು ನನ್ನ ಕೈಗೆ ಕನ್ನಡಿ ಕೊಟ್ಟು ಒಂದೊಂದಾಗಿ ಹೇಳಿದರು. ಹಣೆಯ ಗೆರೆಗೆ ಬೊಟಾಕ್ಸ್ ಸೂಜಿ, ಕೆಲವು ತಿಂಗಳಿಗೆ ಅದರ ಶಕ್ತಿ ಇಳಿಯುತ್ತದೆ, ಮತ್ತೆ ಚುಚ್ಚಿಸಬೇಕು. ಗುಳಿಬಿದ್ದ ಕೆನ್ನೆಗೆ ಫಿಲ್ಲರ್, ಅದೂ ನಿಧಾನಕ್ಕೆ ಕರಗುತ್ತದೆ. ಚರ್ಮದೊಳಗೆ ದಾರ ಹಾಕಿ ಎಳೆಯುವುದೂ ಒಂದಿದೆ, ಆದರೆ ನನ್ನಷ್ಟು ಜೋತುಬಿದ್ದ ಚರ್ಮಕ್ಕೆ ಅದು ಸಾಲದು, ಬಾಳಿಕೆಯೂ ಕಡಿಮೆ. ಬಾಳಿಕೆ ಬೇಕೆಂದರೆ ಫೇಸ್‌ಲಿಫ್ಟ್. ಕಿವಿಯ ಮುಂದಿನಿಂದ ಹಿಂದಕ್ಕೆ ಕೊಯ್ದು, ಒಳಗಿನ ಪದರವನ್ನು ಮೇಲಕ್ಕೆತ್ತಿ ಹೊಲಿದು, ಹೆಚ್ಚಾದ ಚರ್ಮ ಕತ್ತರಿಸುವುದು. ಜೊತೆಗೆ ಕತ್ತಿನದನ್ನೂ ಮಾಡಬಹುದು. ವಾರಗಟ್ಟಲೆ ಊತ, ನೀಲಿಗಟ್ಟುವುದು, ತಿಂಗಳುಗಟ್ಟಲೆ ಜೋಮು. ಒಳಗೆ ರಕ್ತ ಕಟ್ಟಬಹುದು, ಅಪರೂಪಕ್ಕೆ ನರಕ್ಕೆ ಪೆಟ್ಟಾಗಿ ಬಾಯಿ ಒಂದು ಕಡೆ ಸೊಟ್ಟಗಾಗಬಹುದು. ಇದನ್ನೆಲ್ಲ ಅಡುಗೆ ಹೇಳಿಕೊಡುವವರಂತೆ ಹೇಳಿದರು. ನಾನು ಕೇಳುತ್ತಾ ಕೇಳುತ್ತಾ ಅಕ್ಕ ಇಷ್ಟನ್ನೂ ಅನುಭವಿಸಿ ನನ್ನ ಮುಂದೆ ಯೋಗ ಎಂದಳಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಅವಳ ಗಟ್ಟಿತನಕ್ಕೂ ಹೊಟ್ಟೆಕಿಚ್ಚಾಯಿತು.

"ಸಕ್ಕರೆ ಕಾಯಿಲೆ ಇದೆಯಾ?"

"ಇದೆ."

"ಎಲೆ ಅಡಿಕೆ?"

"ಹಾಕ್ತೀನಿ."

"ಹೊಗೆಸೊಪ್ಪು?"

ಸೆರಗಿನಿಂದ ಬಾಯಿ ಒರೆಸಿಕೊಂಡೆ. ಅವರಿಗೆ ಗೊತ್ತಾಯಿತು.

"ಹೊಗೆಸೊಪ್ಪು ಇವತ್ತೇ ಬಿಡ್ಬೇಕು. ಅದನ್ನಿಟ್ಕೊಂಡು ಕೊಯ್ದರೆ ಕಿವಿ ಹಿಂದಿನ ಚರ್ಮ ಸತ್ತು ಕಪ್ಪಗಾಗುತ್ತೆ. ಸಕ್ಕರೆ ಹತೋಟಿಗೆ ಬರ್ಬೇಕು. ನನ್ನ ಕೇಳಿದ್ರೆ, ನಿಮಗೆ ಬೇಕಾಗಿರೋದು ಕಣ್ಣಿನ ರೆಪ್ಪೆದು ಮಾತ್ರ. ರೆಪ್ಪೆ ಕಣ್ಣಿನ ಮೇಲೆ ಇಳಿದು ನೋಟಕ್ಕೆ ಅಡ್ಡ ಬರ್ತಿದೆ. ಆ ಜಾಗಕ್ಕಷ್ಟೇ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಮಾಡ್ತೀವಿ, ಅವತ್ತೇ ಮನೆಗೆ ಹೋಗ್ಬಹುದು. ಉಳಿದಿದ್ದು ಯೋಚ್ನೆ ಮಾಡಿ." ಆಮೇಲೆ ಫೋನಿನ ಕಡೆ ಬೆರಳು ತೋರಿಸಿ ಕೇಳಿದರು, "ಇವರು ನಿಮಗೆ ಏನಾಗ್ಬೇಕು?"

"ವಾರಗಿತ್ತಿ."

"ಓ," ಎಂದರು. ಆ ಒಂದು ಅಕ್ಷರದಲ್ಲಿ ಅವರಿಗೂ ವಾರಗಿತ್ತಿ ಇದ್ದಾಳೆಂದು ಗೊತ್ತಾಯಿತು.

"ಎಲ್ಲಾ ಮಾಡಿ. ಮುಖ, ಕತ್ತು, ಕಣ್ಣು, ಎಲ್ಲಾ," ಎಂದೆ. ಮದುವೆ ಕಳೆದು ಸಕ್ಕರೆ ಇಳಿದ ಮೇಲೆ ನೋಡೋಣ ಎಂದು ಹೇಳಿ ಕಳಿಸಿದರು. ಹೊಗೆಸೊಪ್ಪನ್ನು ಆ ದಿನವೇ ಬಿಟ್ಟೆ. ಅದು ಬಿಟ್ಟ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ನನ್ನ ಎದುರಿಗೆ ಸುಳಿಯಲಿಲ್ಲ.

ಮದುವೆಯ ಹಿಂದಿನ ದಿನ ಅರಿಶಿನಶಾಸ್ತ್ರ. ಮೂರು ಮನೆಗಳ ಮುಂದೆ ಒಂದೇ ಶಾಮಿಯಾನ ಹಾಕಿಸಿದ್ದರು. ಅಕ್ಕ ದೊಡ್ಡ ಅಂಚಿನ ಹಸಿರು ರೇಷ್ಮೆ ಉಟ್ಟು, ತುರುಬಿಗೆ ಮಲ್ಲಿಗೆ ಸುತ್ತಿಕೊಂಡು ಬಂದಳು. ಮಣೆಗೆ ಎಂದೇ ಉಟ್ಟಿದ್ದು. ಮಣೆಯನ್ನು ತೊಳೆದು, ರಂಗೋಲಿ ಹಾಕಿ ಇಟ್ಟಿದ್ದವಳು ನಾನು. ಬೇರೆ ಯಾರು ಇಡುತ್ತಾರೆ? ಶಾಮಿಯಾನದ ಆ ಬದಿಯಲ್ಲಿ ಭಾವನವರೂ ನಮ್ಮವರೂ ಕುರ್ಚಿ ಹಾಕಿಕೊಂಡು ಬೋಂಡ ತಿನ್ನುತ್ತಿದ್ದರು. ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಭಾವನವರಿಗೆ ಬೋಂಡ ನಿಷಿದ್ಧ. ಅಕ್ಕ ಬಂದವಳೇ ದೂರದಿಂದಲೇ ಕಣ್ಣು ಬಿಟ್ಟಳು, ಅವರು ಅರ್ಧ ಕಚ್ಚಿದ್ದನ್ನು ನಮ್ಮವರ ತಟ್ಟೆಗೆ ಹಾಕಿದರು.

ಗಂಡಿನ ಕಡೆಯವರು ತಂದ ಅರಿಶಿನವನ್ನು ಅವರ ಕಡೆ ಹೆಂಗಸೇ ನಮ್ಮ ಹಿರಿಮುತ್ತೈದೆಯ ಕೈಗೆ ಕೊಡುವುದು ಪದ್ಧತಿ. ಕೆಂಚವ್ವ ಬೆಳ್ಳಿ ಬಟ್ಟಲು ಹಿಡಿದು ಒಳಗೆ ಬಂದಳು. ಹಿರಿಮುತ್ತೈದೆ ಯಾರು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಅವಳು 'ದೊಡ್ಡವರನ್ನು ಕಂಡರೆ ಗೊತ್ತಾಗುತ್ತದೆ' ಎನ್ನುವ ಪೈಕಿ. ಸಾಲಾಗಿ ನಿಂತಿದ್ದ ನಮ್ಮ ಮುಖಗಳನ್ನು ಸಂತೆಯಲ್ಲಿ ಕುಂಬಳಕಾಯಿ ಆರಿಸುವ ಹಾಗೆ ನೋಡುತ್ತಾ ಬಂದಳು. ಅಕ್ಕ ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದಳು. ಕೆಂಚವ್ವ ಅವಳನ್ನು ದಾಟಿ ನನ್ನ ಮುಂದೆ ನಿಂತಳು.

"ಬನ್ನಿ ದೊಡ್ಡಮ್ಮ, ನಿಮ್ಮ ಕೈಯಿಂದ ಆಗ್ಲಿ."

ಸೌಮ್ಯಳ ತಾಯಿ, "ಅಲ್ಲ, ನಮ್ಮಲ್ಲಿ..." ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಹೂ, ಇವರೇ," ಎಂದಳು. "ನಮ್ಮಕ್ಕ."

ನಲವತ್ತೆರಡು ವರ್ಷದಲ್ಲಿ ಅವಳು ನನ್ನನ್ನು ಮುನಿ ಎನ್ನುವುದು ಬಿಟ್ಟು ಬೇರೇನೂ ಕರೆದವಳಲ್ಲ. ಕೆಂಚವ್ವನ ಎದುರಿಗೆ ಚಿಕ್ಕಮ್ಮನಾಗಿ ಉಳಿಯುವುದಕ್ಕೆ ನನ್ನನ್ನು ಅಕ್ಕನನ್ನಾಗಿ ಮಾಡಿದಳು. ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. 'ಅಯ್ಯೋ ನಾನಲ್ಲ, ಇವಳು ನನಗಿಂತ ಐದು ವರ್ಷ ದೊಡ್ಡವಳು' ಎಂದರೆ ವಿನಯಕ್ಕೆ ವಿನಯ, ಸೇಡಿಗೆ ಸೇಡು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎದುರಿಗೆ ಮಣೆ ಇತ್ತು. ಈಗ ಕೂತರೆ ಇನ್ನು ಮುಂದೆ ಎಲ್ಲ ಮದುವೆಗಳಲ್ಲೂ ನಾನೇ. ನನ್ನ ಮುಖ ನೋಡಿ ಮುದುಕಿ ಎಂದರು ಎನ್ನುವ ಅವಮಾನ ಒಂದು ಕಡೆ, ಮಣೆ ಇನ್ನೊಂದು ಕಡೆ. ಅವಮಾನವನ್ನು ನುಂಗಿಕೊಂಡು ಹೋಗಿ ಕೂತೆ.

ಕೂತಾಗ ಹೇಗಿತ್ತು ಎಂದು ಹೇಳಲೇಬೇಕು. ಬಹಳ ಚೆನ್ನಾಗಿತ್ತು. ಎಲ್ಲರೂ ನಿಂತಿದ್ದರು, ನಾನೊಬ್ಬಳು ಕೂತಿದ್ದೆ. ಸೌಮ್ಯಳ ಕೆನ್ನೆಗೆ, ಕೈಗೆ, ಪಾದಕ್ಕೆ ಅರಿಶಿನ ಹಚ್ಚಿ, "ನನ್ನಷ್ಟು ವಯಸ್ಸಾಗೋಗಂಟ ಮುತ್ತೈದೆಯಾಗಿ ಬಾಳವ್ವ," ಎಂದೆ. ದನಿ ನಡುಗಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಂದು ಬಿದ್ದರು, ನಾದಿನಿಯರು, ಸೊಸೆಯರು, ಸೌಮ್ಯಳ ತಾಯಿ. ಎಲ್ಲರಿಗೂ ಅದೇ ಮಾತು ಹೇಳಿದೆ. ಅಕ್ಕ ಮೆಲ್ಲಗೆ ಅಡುಗೆಮನೆಯ ಕಡೆ ಸರಿಯುತ್ತಿದ್ದುದನ್ನು ನೋಡಿದೆ. ನೋಡಿದವಳು ನಾನೊಬ್ಬಳೇ ಅಲ್ಲ.

"ಎಲ್ಲಿಗೆ ಓಡ್ತೀರಾ ಚಿಕ್ಕಮ್ಮ?" ಕೆಂಚವ್ವ ಅವಳ ರಟ್ಟೆ ಹಿಡಿದಳು. "ಅಕ್ಕನ ಕಾಲಿಗೆ ಬೀಳಲ್ವಾ? ಬನ್ನಿ ಬನ್ನಿ."

ಅಕ್ಕ ಬಂದಳು. ಮಂಡಿಯೂರುವಾಗ ನೆಲಕ್ಕೆ ಕೈ ಕೊಟ್ಟು, ಒಂದು ಮಂಡಿ, ಆಮೇಲೆ ಇನ್ನೊಂದು, ಹಲ್ಲು ಕಚ್ಚಿಕೊಂಡು ಇಳಿದಳು. ಮುಖಕ್ಕೆ ಎಷ್ಟೇ ಮಾಡಿದರೂ ಮಂಡಿಗೆ ಅರವತ್ತಾರೇ. ಅವಳ ತಲೆ ನನ್ನ ಪಾದದ ಮೇಲೆ ಬಂದಾಗ ಮಲ್ಲಿಗೆ ಸರಿದು ಕಿವಿಯ ಹಿಂದಿನ ಗೆರೆ ಕಂಡಿತು. ನಲವತ್ತೆರಡು ವರ್ಷ ನಾನು ಬಿದ್ದದ್ದೆಲ್ಲ ವಸೂಲಾಯಿತು ಎಂದುಕೊಂಡೆ. ಬೆರಳು ಅರಿಶಿನದಲ್ಲಿ ಅದ್ದಿದೆ.

ಅವಳು ಕತ್ತೆತ್ತಿದಳು. ಕಣ್ಣಲ್ಲಿ ಗಾಬರಿಯಿತ್ತು.

"ಮುನಿ, ಆ ಮಾತು ಬೇಡ ಕಣೆ," ಎಂದು ಪಿಸುಗುಟ್ಟಿದಳು. "ಬೇರೆ ಏನಾದ್ರೂ ಅನ್ನು."

ಆಗ ನನಗೆ ಹೊಳೆಯಿತು. ನನ್ನಷ್ಟು ವಯಸ್ಸು ಎಂದರೆ ಅರವತ್ತೊಂದು. ಅದನ್ನು ದಾಟಿ ಅವಳಿಗೆ ಐದು ವರ್ಷವಾಗಿತ್ತು.

"ಮಣೆ ಮೇಲೆ ಬೇರೆ ಮಾತು ಆಡಂಗಿಲ್ಲ ಅಕ್ಕ," ಎಂದೆ. ಅದು ನಿಜ. ಅದನ್ನು ಹೇಳುವಾಗ ನನಗೆ ಖುಷಿಯಾಗುತ್ತಿತ್ತು ಎನ್ನುವುದೂ ನಿಜ.

"ಏನದು ಗುಸುಗುಸು?" ಕೆಂಚವ್ವ ಮೇಲೆ ಬಗ್ಗಿದಳು. "ಜೋರಾಗಿ ಹೇಳಿ ದೊಡ್ಡಮ್ಮ, ವಿಡಿಯೋದಲ್ಲಿ ಕೇಳಿಸ್ಬೇಕು."

ಅಕ್ಕ ಶಾಮಿಯಾನದ ಆ ಬದಿ ನೋಡಿದಳು. ಭಾವನವರು ಯಾರೂ ನೋಡುತ್ತಿಲ್ಲ ಎಂದುಕೊಂಡು ಬೋಂಡವನ್ನು ಮತ್ತೆ ನಮ್ಮವರ ತಟ್ಟೆಯಿಂದ ಎತ್ತಿಕೊಳ್ಳುತ್ತಿದ್ದರು. ನಾನು ಬಾಯಿ ತೆರೆದೆ. "ನನ್ನಷ್ಟು ವಯ..." ಎಂದೆ. ಪೂರ್ತಿ ಮಾಡುತ್ತಿದ್ದೆನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಅಕ್ಕನ ಅಂಗೈ ನನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿತು.

"ಬೇಡ!" ಎಂದು ಕೂಗಿದಳು. "ಇವಳಲ್ಲ ದೊಡ್ಡೋಳು. ನಾನು! ನಂಗೆ ಅರವತ್ತಾರು ತುಂಬದೆ. ಈ ಮುಖ ನೋಡ್ಬೇಡಿ, ಇದು ಆಪರೇಶನ್ ಮಾಡಿಸಿರೋ ಮುಖ!"

ವಾಲಗದವರು ಕೂಡ ನಿಲ್ಲಿಸಿದರು. ಅಕ್ಕ ನನ್ನ ಬಾಯಿಯ ಮೇಲಿನ ಕೈ ತೆಗೆದಿರಲಿಲ್ಲ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೆ ಮುಖದಲ್ಲಿ ಅಳು ಸರಿಯಾಗಿ ಮೂಡುತ್ತಿರಲಿಲ್ಲ. ಕೆಂಚವ್ವ ಅವಳನ್ನು ನೋಡಿದಳು, ನನ್ನನ್ನು ನೋಡಿದಳು.

"ನಿಮ್ಗೆಷ್ಟು?" ಎಂದು ನನ್ನನ್ನು ಕೇಳಿದಳು.

ಅಕ್ಕನ ಕೈ ಸರಿಸಿ, "ಅರವತ್ತೊಂದು," ಎಂದೆ.

"ಹಂಗಾದ್ರೆ ಇವರು ಹರಸಿದ್ರೆ ನಮ್ಮುಡುಗಂಗೆ ಐದು ವರ್ಷ ಲಾಭನೇ ಆಯ್ತಲ್ಲ. ಏಳಿ, ಜಾಗ ಬಿಡಿ," ಎಂದಳು.

ಎದ್ದೆ. ಮಂಡಿಯೂರಿದ್ದ ಅಕ್ಕ ಏಳಲಾಗದೆ ಒದ್ದಾಡಿದಳು. ಕಂಕುಳಿಗೆ ಕೈ ಕೊಟ್ಟು ಎತ್ತಿ ಮಣೆಯ ಮೇಲೆ ಕೂರಿಸಿದವಳೂ ನಾನೇ. ಸೌಮ್ಯಳಿಗೆ ಎರಡನೆಯ ಸಲ ಅರಿಶಿನವಾಯಿತು.

ಮಾನ ಹೋಯಿತು ಎಂದು ಅಕ್ಕ ತಲೆ ತಗ್ಗಿಸುತ್ತಾಳೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ಕೆಂಚವ್ವ ಮಣೆಯ ಪಕ್ಕದಲ್ಲೇ ಚಕ್ಕಳಬಕ್ಕಳ ಹಾಕಿ ಕೂತು, "ಅದಿರ್ಲಿ, ಯಾವ ಡಾಕ್ಟ್ರು? ನೋವಾಗ್ತದಾ? ಕಿವಿ ತೋರ್ಸಿ," ಎಂದು ಶುರು ಮಾಡಿದಳು. ಎರಡೂ ಕಡೆಯ ಹೆಂಗಸರು ಮುತ್ತಿಕೊಂಡರು. ಯಾಕೆ ಮಾಡಿಸಿದಿರಿ ಎಂದು ಯಾರೋ ಕೇಳಿದಾಗ ಅಕ್ಕ ಮೂಗು ಒರೆಸಿಕೊಂಡು ಹೇಳಿದಳು, "ಇವರಿಗೆ ಸ್ಟೆಂಟ್ ಹಾಕ್ದಾಗ ಆಸ್ಪತ್ರೇಲಿ ನರ್ಸು ಬಂದು, ಪೇಷಂಟ್ ತಾಯಿ ನೀವೇನಾ ಅಂದ್ಲು. ತಾಯಿ! ಈವಯ್ಯ ಮಲ್ಗಿದ್ದೋರು ನಗ್ತವ್ರೆ. ಇವರು ಬದುಕಿ ಮನೆಗೆ ಬರ್ಲಿ, ನನ್ನ ಮುಖ ನಾನು ಸರಿ ಮಾಡ್ಕೊತೀನಿ ಅಂತ ಅವತ್ತೇ ಅಂದ್ಕೊಂಡೆ." ಹೆಂಗಸರೆಲ್ಲ ನಕ್ಕರು. ಅವಳೂ ನಕ್ಕಳು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಮಣೆಯೂ ಅವಳಿಗೆ, ಮುಖವೂ ಅವಳಿಗೆ, ಈಗ ಸಭೆಯೂ ಅವಳಿಗೇ.

ಕೊನೆಗೆ ನನ್ನ ಸರದಿ ಬಂತು. ಬಿದ್ದೆ. ಅಭ್ಯಾಸವಾಗಿದೆ. ಅಕ್ಕ ಎಲ್ಲರಿಗೂ ಕೇಳುವ ಹಾಗೆ, "ನನ್ನಷ್ಟು ವಯಸ್ಸಾಗೋಗಂಟ ಮುತ್ತೈದೆಯಾಗಿ ಬಾಳವ್ವ," ಎಂದಳು. ಆಮೇಲೆ ಅರಿಶಿನದ ಹೆಬ್ಬೆರಳನ್ನು ನನ್ನ ಇಳಿದ ರೆಪ್ಪೆಯ ಹತ್ತಿರ ಒತ್ತಿ, ನನ್ನ ಕಿವಿಗೆ ಮಾತ್ರ ಕೇಳುವಂತೆ ಹೇಳಿದಳು, "ಕಣ್ಣಿಂದು ಮಾತ್ರ ಮಾಡಿಸ್ಕೊ ಮುನಿ. ಕತ್ತಿಂದು ಬೇಡ, ತುಂಬಾ ನೋವು. ನಿಂಗೆ ಸಕ್ಕರೆ ಬೇರೆ ಐತೆ."

"ನಿಂಗ್ಯಾರು ಹೇಳಿದ್ರು?" ಎಂದೆ.

"ಹೊಗೆಸೊಪ್ಪು ಬಿಟ್ಟಿದೀಯಲ್ಲ. ನಂಗೂ ಮೊದಲು ಅದನ್ನೇ ಬಿಡ್ಸಿದ್ದು."

ಎದ್ದು ಬಂದು ಶಾಮಿಯಾನದ ಕಂಬ ಹಿಡಿದು ನಿಂತೆ. ಅಲ್ಲಿಂದ ನಮ್ಮವರು ಕಾಣುತ್ತಿದ್ದರು. ಭಾವನವರ ಪಾಲಿನ ಬೋಂಡವನ್ನೂ ತಿಂದು ಮುಗಿಸಿ ನನ್ನ ಸೆರಗು ಸಿಗದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ. ಆದರೂ ಅವಳ ಜಾಗದಲ್ಲಿ ನಾನಿದ್ದು, ಅಷ್ಟು ನೋವು ತಿಂದು ಅಂಥ ಮುಖ ಪಡೆದಿದ್ದು, ಒಂದು ಮಾತಿನಿಂದ ಇವರಿಗೆ ಕೇಡು ಎಂದಾಗಿದ್ದರೆ, ಅಷ್ಟು ಜನರ ಎದುರಿಗೆ ನಾನು ಹಾಗೆ ಕೂಗುತ್ತಿದ್ದೆನೇ? ಕೂಗುತ್ತಿದ್ದೆ ಎಂದು ಹೇಳಿಕೊಳ್ಳಲು ನೋಡಿದೆ, ಬಾಯಿ ಬರಲಿಲ್ಲ. ಅಕ್ಕನ ಮೇಲೆ ನಲವತ್ತೆರಡು ವರ್ಷದಲ್ಲಿ ಯಾವತ್ತೂ ಆಗದಷ್ಟು ಹೊಟ್ಟೆಕಿಚ್ಚು ಆಗ ಆಯಿತು. ಡಾಕ್ಟರಮ್ಮ ಕನ್ನಡಿ ಕೊಟ್ಟು ಹೇಳಿದ ಅಷ್ಟೂ ಚಿಕಿತ್ಸೆಗಳಲ್ಲಿ ಇದಕ್ಕೆ ಒಂದೂ ಇರಲಿಲ್ಲ.